ಮೂರನೆಯ ಮಾತು

ಫೆಬ್ರವರಿ ೩

ಅಧಿಕಪ್ರಸಂಗಿ ಮಗಳಿಗೆ,

ಭಾನುವಾರ ನೀನು ಫೋನು ಮಾಡಿದ್ದೆ. ಅರ್ಧ ಮಾತು ಕೇಳಿಸಿತು, ಕೇಳಿಸದ ಅರ್ಧಕ್ಕೆ ನಾನು ಬೈದೆ, ನೀನು ಇಟ್ಟುಬಿಟ್ಟೆ. ಇನ್ನು ಮೇಲೆ ಕಾಗದವೇ ವಾಸಿ. ನಲವತ್ತು ವರ್ಷ ಲಿಫ್ಟಿನ ಮೋಟರು ಕೋಣೆಯಲ್ಲಿ ನಿಂತವನ ಬಲಗಿವಿ ಯಾವ ಫೋನಿಗೂ ಸಿಕ್ಕುವುದಿಲ್ಲ. ಎಡಗಿವಿಗೆ ಹಿಡಿದರೆ ನಿನ್ನ ದನಿ ಡಬ್ಬದೊಳಗೆ ಬಿದ್ದ ಜೀರುಂಡೆಯ ಹಾಗಿರುತ್ತದೆ. ನನ್ನ ಅಕ್ಷರ ನೋಡಿ ನಗಬೇಡ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈ ಇದು, ಸುತ್ತಿಗೆ ಹಿಡಿದ ಹಾಗೇ ಪೆನ್ನು ಹಿಡಿಯುತ್ತದೆ.

ವಿಷಯ ಏನೆಂದರೆ, ನಮ್ಮ ಲಿಫ್ಟ್ ಕೆಲಸಗಾರರ ಸಂಘದ ಕಾರ್ಯದರ್ಶಿ ಮನೆಗೆ ಬಂದಿದ್ದ. ಬಾಗಿಲಲ್ಲಿ ಮೊದಲು ಹೊಟ್ಟೆ ಬಂತು, ಹಿಂದೆ ಅವನು ಬಂದ.

"ಹಿರಿಯರೇ, ಈಗಿನ ಹೊಸಬರು ಪುಸ್ತಕ ಮುಟ್ಟಲ್ಲ, ಎದುರಿಗೆ ನಿಂತು ಹೇಳಿದ್ರೆ ಆಕಳಿಸ್ತಾರೆ. ಕಿವೀಲಿ ವೈರು ಸಿಕ್ಕಿಸಿಕೊಂಡೇ ಓಡಾಡ್ತಾರೆ. ಆ ವೈರೊಳಗೇ ನೀವು ಇಳೀಬೇಕು" ಅಂದ.

"ಏನಯ್ಯಾ ಹಾಗಂದ್ರೆ?"

"ಪಾಡ್‌ಕಾಸ್ಟ್ ಅಂತ. ರೇಡಿಯೋ ಇದ್ದ ಹಾಗೆ. ಬೇಕಾದಾಗ ಕೇಳಬಹುದು."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬಾಯಿ ಮುಚ್ಚಿಸಬಹುದು."

ಅದೊಂದು ನನಗೆ ಹಿಡಿಸಿತು. ಆದರೂ ಆಗಲ್ಲ ಹೋಗು ಅಂದೆ. ಎರಡು ಸಲ ಅಂದೆ. ಎದ್ದು ಹೊರಡುವಾಗ ಅವನು ಈ ವರ್ಷ ಕೆಲಸಕ್ಕೆ ಸೇರಿದವರ ಪಟ್ಟಿ ತೋರಿಸಿದ. ಹನ್ನೊಂದು ಹೆಸರು. ಓದಿ ವಾಪಸ್ ಕೊಟ್ಟು, ಮಾಡುತ್ತೇನೆ ಅಂದೆ. ಅವನಿಗೇ ಆಶ್ಚರ್ಯ.

ನಿನ್ನ ಕಸುಬು ಅದೇ ಅಲ್ಲವೇ? ಏನೂ ಗೊತ್ತಿಲ್ಲದವನು ಎಲ್ಲಿಂದ ಶುರು ಮಾಡಬೇಕು, ಬರೆದು ಕಳಿಸು. ಪುರಾಣ ಬೇಡ.

ಬದುಕಿರುವ,
ನಿನ್ನಪ್ಪ

*

ಫೆಬ್ರವರಿ ೧೧

ಅಪ್ಪ,

ಹತ್ತು ವರ್ಷದಿಂದ ಬೇರೆಯವರ ಮಾತು ಕತ್ತರಿಸಿ, ಹೊಲಿದು, ಅದರಲ್ಲೇ ಹೊಟ್ಟೆ ಹೊರೆಯುತ್ತಿದ್ದೇನೆ. "ಗಾಳಿ ಕತ್ತರಿಸೋದೂ ಒಂದು ಉದ್ಯೋಗವಾ?" ಅಂದವರು ಯಾರು? ನೆನಪಿದೆಯಾ? ಸರಿ, ಬಿಡಿ.

ಜೊತೆಗಿರುವ ಪೊಟ್ಟಣದಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಯಂತ್ರವಿದೆ. ಕೆಂಪು ಗುಂಡಿ ಒತ್ತಿದರೆ ಮಾತು ಹಿಡಿಯುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಅದರ ಹೊಟ್ಟೆಯಲ್ಲಿ ಉಗುರಿನಷ್ಟು ಚಿಕ್ಕ ಕಾರ್ಡಿದೆ. ತುಂಬಿದ ಮೇಲೆ ಅದನ್ನು ಮಾತ್ರ ಲಕೋಟೆಯಲ್ಲಿ ಹಾಕಿ ಕಳಿಸಿ. ಬಾಯಿಗೂ ಯಂತ್ರಕ್ಕೂ ಒಂದು ಗೇಣು ಅಂತರ. ಸದ್ದಿಲ್ಲದ ಜಾಗ ಹುಡುಕಿ. ಬರಿಯ ಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಬಟ್ಟೆಯ ಬೀರು ತೆರೆದು, ನೇತುಹಾಕಿದ ಬಟ್ಟೆಗಳ ಕಡೆ ಮುಖ ಮಾಡಿ ಮಾತಾಡಿ. ಬರೆದುಕೊಂಡು ಓದಬೇಡಿ, ಓದಿದರೆ ನೀವು ನೋಟೀಸು ಓದುವ ಕಾವಲುಗಾರನ ಹಾಗೆ ಕೇಳಿಸುತ್ತೀರಿ. ನಾಲ್ಕು ಪದ ಗೀಚಿಕೊಂಡರೆ ಸಾಕು. ಒಂದು ಕಂತಿಗೆ ಒಂದೇ ವಿಷಯ. ಮೊದಲ ಅರ್ಧ ನಿಮಿಷದಲ್ಲೇ ಕೇಳುವವನಿಗೆ ತಾನು ಯಾಕೆ ನಿಲ್ಲಬೇಕು ಅನ್ನುವುದು ಗೊತ್ತಾಗಬೇಕು. ಮೂರು ಕಂತು ಕೈಯಲ್ಲಿ ಇಟ್ಟುಕೊಂಡೇ ಮೊದಲನೆಯದನ್ನು ಬಿಡೋಣ, ಇಲ್ಲದಿದ್ದರೆ ನಡುವೆ ಉಸಿರು ಸಿಕ್ಕಿಕೊಳ್ಳುತ್ತದೆ.

ಮಾತು ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂತು ಖಾಲಿ ಕೋಣೆಯನ್ನೂ ಹಿಡಿಯಿರಿ. ಪ್ರತಿ ಕೋಣೆಯ ಮೌನಕ್ಕೂ ಬೇರೆ ಬಣ್ಣ. ನಾನು ಎಲ್ಲಾದರೂ ಕತ್ತರಿಸಿದರೆ ಅದೇ ಮೌನದಿಂದ ತೇಪೆ ಹಾಕುತ್ತೇನೆ.

ಎಲ್ಲಕ್ಕಿಂತ ದೊಡ್ಡದು: ಎಲ್ಲರಿಗೂ ಮಾತಾಡಬೇಡಿ. ಒಬ್ಬನನ್ನು ಆರಿಸಿಕೊಳ್ಳಿ. ಅವನ ಮುಖ ಕಣ್ಣಮುಂದೆ ಇಟ್ಟುಕೊಂಡು ಅವನೊಬ್ಬನಿಗೇ ಹೇಳಿ. ಗೆಲ್ಲುವ ಪಾಡ್‌ಕಾಸ್ಟುಗಳ ಗುಟ್ಟು ಇಷ್ಟೇ. ಆ ಒಬ್ಬ ಯಾರು, ನನಗೆ ಬರೆಯಿರಿ.

ಗಾಳಿ ಕತ್ತರಿಸುವ,
ನಿಮ್ಮ ಮಗಳು

*

ಮಾರ್ಚ್ ೨

ಮಗಳೇ,

ಕಾರ್ಡು ಕಳಿಸಿದ್ದೇನೆ. ಎರಡು ಕಂತು ಇವೆ. ಬೀರುವಿನೊಳಗೆ ತಲೆ ತೂರಿಸಿ ಮಾತಾಡುತ್ತಿದ್ದಾಗ ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದು ಬಾಗಿಲಲ್ಲೇ ನಿಂತಳು. "ಏನಾಯ್ತು, ಯಾರಾದ್ರೂ ಒಳಗಿದಾರಾ?" ಅಂದಳು. ಇಲ್ಲ ಅಂದೆ. ಸಕ್ಕರೆ ತೆಗೆದುಕೊಳ್ಳದೆ ಹೋದಳು. ಈಗ ಇಡೀ ಕಟ್ಟಡದ ಲೆಕ್ಕದಲ್ಲಿ ನನ್ನ ತಲೆ ಕೆಟ್ಟಿದೆ.

ಮೊದಲನೆಯದರಲ್ಲಿ ಹಗ್ಗದ ವಿಷಯ. ಉಕ್ಕಿನ ಹಗ್ಗ ಸವೆದದ್ದನ್ನು ಕಣ್ಣಿಗಿಂತ ಮೊದಲು ಬೆರಳು ಹೇಳುತ್ತದೆ, ಅದು. ಎರಡನೆಯದು ನಮ್ಮ ಮೂರು ಮಾತಿನ ಪದ್ಧತಿ. ನಿನಗೆ ಗೊತ್ತಿರಲಿಕ್ಕಿಲ್ಲ, ಮನೆಯಲ್ಲಿ ನಾನು ಕೆಲಸದ ಮಾತಾಡಿದವನಲ್ಲ.

ಇಬ್ಬರು ಕೆಲಸ ಮಾಡುವಾಗ ಒಬ್ಬ ಲಿಫ್ಟಿನ ಪೆಟ್ಟಿಗೆಯ ನೆತ್ತಿಯ ಮೇಲೆ ನಿಲ್ಲುತ್ತಾನೆ, ಬಾವಿಯೊಳಗೆ. ಲಿಫ್ಟು ಓಡಾಡುವ ಕೊಳವೆಗೆ ನಾವು ಬಾವಿ ಅನ್ನುವುದು. ಇನ್ನೊಬ್ಬ ಮೇಲಿನ ಮೋಟರು ಕೋಣೆಯಲ್ಲಿ, ಸ್ವಿಚ್ಚಿನ ಹತ್ತಿರ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಬಾವಿಯಲ್ಲಿರುವವನು "ಮೇಲೆ" ಎಂದು ಕೂಗುತ್ತಾನೆ. ಮೋಟರಿನವನು "ಮೇಲೆ" ಎಂದು ತಿರುಗಿ ಕೂಗುತ್ತಾನೆ. ಆಗ ಬಾವಿಯವನು ಕೈಕಾಲು ಒಳಗೆ ಎಳೆದುಕೊಂಡು, ಗಟ್ಟಿ ಹಿಡಿದುಕೊಂಡು, "ಬಿಡು" ಅನ್ನುತ್ತಾನೆ. ಆ ಮೂರನೆಯ ಮಾತು ಬರದೆ ಕೈ ಸ್ವಿಚ್ಚಿಗೆ ಹೋಗಕೂಡದು. ಹತ್ತು ನಿಮಿಷವಾದರೂ ಸರಿ, ಒಂದು ದಿನವಾದರೂ ಸರಿ.

ಒಬ್ಬ ಯಾರು ಎಂದು ಕೇಳಿದ್ದೀಯ. ಹೊಸಬರು. ಅಷ್ಟೇ.

ನಿನ್ನಪ್ಪ

*

ಮಾರ್ಚ್ ೧೯

ಅಪ್ಪ,

ಎರಡೂ ಕಂತು ಚೆನ್ನಾಗಿವೆ. ಹೊಗಳಿಕೆ ಅಲ್ಲ. ನಿಮ್ಮ ಸಿಟ್ಟು ಕೂಡ ಕಿವಿಗೆ ಹಿತವಾಗಿ ಬಂದಿದೆ, ಮನೆಯಲ್ಲಿ ಯಾವತ್ತೂ ಹಾಗೆ ಬಂದದ್ದಿಲ್ಲ.

ಒಂದೇ ತೊಂದರೆ. ಪ್ರತಿ ಎರಡು ಮೂರು ವಾಕ್ಯಕ್ಕೊಮ್ಮೆ ನಿಂತುಬಿಡುತ್ತೀರಿ. ಒಂದೊಂದು ಸಲ ಒಂಬತ್ತು, ಹತ್ತು ಸೆಕೆಂಡು. ಕೇಳುವವನು ಯಂತ್ರ ಕೆಟ್ಟಿತು ಅಂದುಕೊಳ್ಳುತ್ತಾನೆ. ಎರಡು ಸೆಕೆಂಡಿಗಿಂತ ಉದ್ದ ಇದ್ದ ಮೌನವನ್ನೆಲ್ಲ ತೆಗೆದೆ. ಇಪ್ಪತ್ತೆಂಟು ನಿಮಿಷದ ಕಂತು ಹದಿನೇಳಕ್ಕೆ ಇಳಿಯಿತು! ಜೊತೆಗಿಟ್ಟ ಕಾರ್ಡು ಕೇಳಿ ನೋಡಿ, ಎಷ್ಟು ಚುರುಕಾಗಿದ್ದೀರಿ.

ಕತ್ತರಿ ಹಿಡಿದ,
ನಿಮ್ಮ ಮಗಳು

*

ಮಾರ್ಚ್ ೨೫

ಯಾರನ್ನು ಕೇಳಿ ಕತ್ತರಿಸಿದೆ?

ಒಂದು ನಿಮಿಷ ಕೇಳಿ ಎಸೆದೆ. ಅದು ನಾನಲ್ಲ. ಅದು ಬಸ್ಸಿನಲ್ಲಿ ಬಾಚಣಿಗೆ ಮಾರುವವನು. ಒಂದರ ಮೇಲೊಂದು ಮಾತು, ಉಸಿರಿಲ್ಲ, ಉತ್ತರಕ್ಕೆ ಜಾಗವಿಲ್ಲ. ನಾನು ಹೇಳಿದ್ದು ಆ ಕಡೆ ಮುಟ್ಟಿತೋ ಇಲ್ಲವೋ ತಿಳಿಯದೆ ಮುಂದಿನ ಮಾತು ಹೇಗೆ ಆಡಲಿ?

ಎಲ್ಲ ಮೌನವನ್ನೂ ಇದ್ದಲ್ಲೇ ಇಡು. ಅಳತೆ ಹಿಡಿದು ಇಡು. ಇಲ್ಲದಿದ್ದರೆ ಕಾರ್ಯದರ್ಶಿಗೆ ಹೇಳಿ ಎಲ್ಲ ನಿಲ್ಲಿಸುತ್ತೇನೆ.

ಮೂರನೆಯ ಕಂತಿನ ಕಾರ್ಡು ಇದರೊಳಗಿದೆ. ಅದು ಬೀರುವಿನಲ್ಲಿ ಆಡಿದ್ದಲ್ಲ. ಆ ಹಳೆಯ ಏಳು ಮಹಡಿ ಕಟ್ಟಡದ ಮೋಟರು ಕೋಣೆಗೆ ಹೋಗಿದ್ದೆ. ಕಾವಲುಗಾರ ಗುರುತಿನವನು. ಲಿಫ್ಟು ನಿಲ್ಲಿಸಿ ಬಹಳ ವರ್ಷವಾಗಿದೆ ಅಲ್ಲಿ. ಸದ್ದಿಲ್ಲದ ಜಾಗ ಹುಡುಕು ಅಂದವಳು ನೀನೇ ತಾನೆ.

ನಿನ್ನಪ್ಪ

*

ಏಪ್ರಿಲ್ ೯

ಅಪ್ಪ,

ಮೌನಗಳನ್ನೆಲ್ಲ ಹಿಂದಕ್ಕೆ ಇಟ್ಟಿದ್ದೇನೆ. ಮೊದಲೆರಡು ಕಂತು ಹೊರಗೆ ಹೋಗಿವೆ. ಬೇಸತ್ತು ಓಡಿಹೋಗುತ್ತಾರೆ ಅಂದುಕೊಂಡಿದ್ದೆ, ಹೆಚ್ಚಿನವರು ಕೊನೆಯವರೆಗೂ ಕೂತಿದ್ದಾರೆ. ಕಸುಬಿನವಳಾಗಿ ನಾನು ಸೋತೆ.

ಈಗ ಇದನ್ನು ಬರೆಯಲೋ ಬೇಡವೋ ಎಂದು ವಾರ ಯೋಚಿಸಿದೆ.

ಮೂರನೆಯ ಕಂತಿನಲ್ಲಿ ಗಾಳಿಯ ಗುಂಯ್ ಸದ್ದು ಇತ್ತು. ಅದನ್ನು ತೆಗೆಯಬೇಕಾದರೆ ಮೌನದ ದನಿಯನ್ನು ಬಹಳ ಎತ್ತರಿಸಿ ಕೇಳಬೇಕಾಗುತ್ತದೆ. ಹನ್ನೊಂದನೇ ನಿಮಿಷದಲ್ಲಿ ನೀವು ನಿಲ್ಲುತ್ತೀರಿ. ಮೊದಲು ಬಾವಿಯ ಗಾಳಿ. ಆಮೇಲೆ ನಿಮ್ಮ ಉಸಿರು. ಆಮೇಲೆ ತುಟಿಯಲ್ಲೇ ಆಡಿದ ನಿಮ್ಮ ಮಾತು: "ಹೇಳೋ... ಹೇಳಿಬಿಡೋ ಉದ್ದ."

ಹೆಡ್‌ಫೋನ್ ತೆಗೆದಿಟ್ಟು ಕಿಟಕಿ ತೆರೆದೆ. ಹಾಡುಹಗಲು, ಕೆಳಗೆ ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ಆದರೂ ಆ ಕುರ್ಚಿಗೆ ತಿರುಗಿ ಬರಲು ಒಂದು ಗಂಟೆ ಹಿಡಿಯಿತು. ಬೀರುವಿನ ಕಂತುಗಳನ್ನೂ ಎತ್ತರಿಸಿ ಕೇಳಿದೆ. ಅಲ್ಲಿಯೂ ಇದೆ. ಹದಿನಾರು ಕಡೆ ಇದೆ.

ಉದ್ದಮಾಮ ನನಗೆ ನೆನಪಿದ್ದಾರೆ. ನಮ್ಮ ಬಾಗಿಲಲ್ಲಿ ಬಗ್ಗಿ ಒಳಗೆ ಬರುತ್ತಿದ್ದರು. ನನ್ನನ್ನು ಎತ್ತಿ ಚಾವಣಿ ಮುಟ್ಟಿಸುತ್ತಿದ್ದರು. ನಿಮ್ಮ ಜೋಡಿ ಕೆಲಸಗಾರ, ಆ ಏಳು ಮಹಡಿ ಕಟ್ಟಡದ ಬಾವಿಯಲ್ಲೇ ಹೋದರು ಅನ್ನುವುದಷ್ಟೇ ನನಗೆ ಗೊತ್ತು. ಅವರ ತಪ್ಪಿನಿಂದಲೇ ಎಂದು ಅಮ್ಮ ಒಮ್ಮೆ ಹೇಳಿದ್ದಳು, ಹೇಳಿ ಬೇರೆ ಕಡೆ ನೋಡಿದ್ದಳು.

ಮತ್ತೆ ಕೇಳುತ್ತೇನೆ. ಆ ಒಬ್ಬ ಯಾರು?

ನಿಮ್ಮ ಮಗಳು

*

ಜೂನ್ ೧೪

ಮಗಳೇ,

ಎರಡು ತಿಂಗಳು ಬರೆಯಲಿಲ್ಲ. ನೀನು ಕಳಿಸಿದ ಮೂರು ಕಾಗದಕ್ಕೂ ಉತ್ತರ ಕೊಡಲಿಲ್ಲ. ಮೊದಲ ವಾರ ನಿನ್ನ ಮೇಲೆ ಸಿಟ್ಟು. ಯಂತ್ರಕ್ಕೆ ಏನು ಬೇಕಾದರೂ ಕೇಳಿಸುತ್ತದೆ, ಹುಡುಗಿಗೆ ಕೆಲಸವಿಲ್ಲ ಎಂದು ಬೈದುಕೊಂಡೆ. ನಾನು ಹಾಗೆ ಅಂದದ್ದು ನನಗೆ ಗೊತ್ತೇ ಇಲ್ಲ. ದೇವರಾಣೆ ಗೊತ್ತಿಲ್ಲ. ಇಪ್ಪತ್ತಾರು ವರ್ಷದಿಂದ ಎಲ್ಲೆಲ್ಲಿ ಅಂದಿದ್ದೇನೋ, ಯಾರ್ಯಾರು ಕೇಳಿಸಿಕೊಂಡು ಸುಮ್ಮನಾಗಿದ್ದಾರೋ. ನಿನ್ನಮ್ಮ ಊಟದ ನಡುವೆ ತಟ್ಟೆ ಹಿಡಿದು ಎದ್ದುಹೋಗುತ್ತಿದ್ದಳು. ಯಾಕೆ ಅಂದರೆ ಏನಿಲ್ಲ ಅನ್ನುತ್ತಿದ್ದಳು.

ಒಬ್ಬ ಯಾರು? ಆ ಪಟ್ಟಿಯಲ್ಲಿ ಒಂಬತ್ತನೇ ಹೆಸರು. ಉದ್ದನ ಚಿಕ್ಕ ಮಗ. ಮೂವತ್ತು ವರ್ಷ. ಎಲ್ಲೋ ಕಾರ್ಖಾನೆಯಲ್ಲಿದ್ದ, ಅದು ಮುಚ್ಚಿತು, ಅಪ್ಪನ ಕೆಲಸಕ್ಕೇ ಬಂದಿದ್ದಾನೆ. ಕಾರ್ಯದರ್ಶಿ ನಗುತ್ತ ಹೇಳಿದ: "ಅವರಮ್ಮ ದಿನಾ ಬೆಳಿಗ್ಗೆ ಬಾಗಿಲಲ್ಲಿ ಹೇಳಿ ಕಳಿಸ್ತಾಳಂತೆ, ನಿಮ್ಮಪ್ಪನ ಹಾಗೆ ಮೈಮೇಲೆ ಎಚ್ಚರ ಇಲ್ಲದೆ ಕೆಲಸ ಮಾಡ್ಬೇಡ ಅಂತ."

ದಿನಾ ಬೆಳಿಗ್ಗೆ. ತಿಳಿಯಿತಾ?

ನಾಲ್ಕನೆಯ ಕಂತು ಇದರೊಳಗಿದೆ. ಯಂತ್ರ ಕೆಟ್ಟರೆ ಇರಲಿ ಎಂದು ಇಲ್ಲೂ ಬರೆಯುತ್ತೇನೆ.

ಅವತ್ತು ಬೆಳಿಗ್ಗೆ ನನಗೂ ಉದ್ದನಿಗೂ ಮಾತು ಬೆಳೆದಿತ್ತು. ನಾನು ಮೇಲೆ, ಅವನು ಬಾವಿಯಲ್ಲಿ. "ಮೇಲೆ" ಅಂದ. ನಾನೂ "ಮೇಲೆ" ಅಂದೆ. ಮೂರನೆಯದು ಬರಲಿಲ್ಲ. ಒಂದು, ಎರಡು, ಮೂರು ಎಣಿಸಿದೆ. ನನ್ನ ಸಿಟ್ಟು ನಿನಗೆ ಗೊತ್ತು. ಬೇಕಂತಲೇ ಸತಾಯಿಸುತ್ತಿದ್ದಾನೆ ಅನ್ನಿಸಿತು. ಸ್ವಿಚ್ಚು ಎಳೆದೆ. ಅವನು ಬಿದ್ದದ್ದೇನನ್ನೋ ಎತ್ತಲು ಅಂಚಿನಾಚೆ ಬಗ್ಗಿದ್ದ.

ತನಿಖೆಯವರು ಒಂದೇ ಪ್ರಶ್ನೆ ಕೇಳಿದರು. ಮೂರನೆಯ ಮಾತು ಬಂತೇ? ಬಂತು ಅಂದೆ. "ತನ್ನದೇ ಅಜಾಗರೂಕತೆಯಿಂದ" ಎಂದು ಬರೆದುಕೊಂಡರು. ಅಷ್ಟೇ. ಒಂದು ಮಾತು.

ಅವನು "ಬಿಡು" ಅನ್ನಲೇ ಇಲ್ಲ. ನಾನು ಇನ್ನೂ ಕಾಯುತ್ತಿದ್ದೇನೆ.

ಕತ್ತರಿಸಬೇಡ.

ನಿನ್ನಪ್ಪ

*

ಜೂನ್ ೨೩

ಅಪ್ಪ,

ಕೇಳಿದೆ. ಒಂದು ಸಲ ಅಳುತ್ತ, ಇನ್ನೊಂದು ಸಲ ಕಸುಬಿನವಳಾಗಿ. ನಿಮಗೆ ಏನು ಬರೆಯಬೇಕೋ ತಿಳಿಯದೆ ಮೂರು ಕಾಗದ ಹರಿದೆ. "ಪರವಾಗಿಲ್ಲ" ಎಂದು ಬರೆಯಲು ಕೈ ಬರಲಿಲ್ಲ. ಪರವಾಗಿಲ್ಲ ಅನ್ನುವ ಹಕ್ಕು ನನ್ನದಲ್ಲ.

ಕಂತನ್ನು ಎಲ್ಲರಿಗೂ ಬಿಟ್ಟಿಲ್ಲ. ಯಾರ ಅಪ್ಪನ ವಿಷಯವೋ ಅವರು ಅದನ್ನು ಬಸ್ಸಿನಲ್ಲಿ ಕೂತು, ಹನ್ನೊಂದು ಜನರಲ್ಲಿ ಒಬ್ಬರಾಗಿ ಕೇಳಬಾರದು. ಕಾರ್ಯದರ್ಶಿಯ ಹತ್ತಿರ ವಿಳಾಸ ತೆಗೆದುಕೊಂಡು ತಾಯಿಗೊಂದು, ಮಗನಿಗೊಂದು ಕಳಿಸಿದ್ದೇನೆ. ಬಿಡಿ ಅಂದರೆ ಬಿಡುತ್ತೇನೆ, ಬೇಡ ಅಂದರೆ ಅಳಿಸುತ್ತೇನೆ ಎಂದು ಬರೆದಿದ್ದೇನೆ. ಪಟ್ಟಿಯ ಒಂಬತ್ತನೆಯವನಿಗೇ ನೀವು ಮಾತಾಡುತ್ತಿದ್ದಿರಿ ಅನ್ನುವುದನ್ನೂ ಮಗನಿಗೆ ತಿಳಿಸಿದ್ದೇನೆ. ನಿಮ್ಮ ವಿಳಾಸವನ್ನೂ ಕೊಟ್ಟಿದ್ದೇನೆ. ಬೈಯುವುದಾದರೆ ಬೈಯಿರಿ.

ಒಂದು ಮೌನವನ್ನೂ ಮುಟ್ಟಿಲ್ಲ.

ಅಪ್ಪ, "ಬಿದ್ದದ್ದೇನನ್ನೋ" ಅಂದ ಜಾಗದಲ್ಲಿ ಕೆಮ್ಮಿದ್ದೀರಿ. ಅದನ್ನೂ ಹಾಗೇ ಇಟ್ಟಿದ್ದೇನೆ.

ನಿಮ್ಮ ಮಗಳು

*

ಆಗಸ್ಟ್ ೨

ಹಿರಿಯರಿಗೆ,

ನಾನು ಉದ್ದನ ಚಿಕ್ಕ ಮಗ. ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊದಲ ಮೂರು ಕಂತು ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಕೇಳುತ್ತಿದ್ದೆ. ಯಾರು ಇವರು, ಇಷ್ಟು ಕಾದು ಕಾದು ಮಾತಾಡುತ್ತಾರಲ್ಲ ಎಂದು ಇಷ್ಟವಾಗಿತ್ತು. ನಾಲ್ಕನೆಯದು ಕೇಳಿ ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ನಿಮ್ಮ ಮನೆಯ ಬೀದಿಯವರೆಗೆ ಎರಡು ಸಲ ಬಂದಿದ್ದೆ. ಯಾಕೆ ಬಂದೆನೋ ಗೊತ್ತಿಲ್ಲ. ಬಡಿಯಲು ಬಂದಿದ್ದೆ ಅಂತಲೇ ಇಟ್ಟುಕೊಳ್ಳಿ.

ಅಮ್ಮ ಅರ್ಧಕ್ಕೇ ನಿಲ್ಲಿಸಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಳು. ಸಂಜೆಯವರೆಗೆ ಹೊಲಿದಳು. ಹೊಲಿದದ್ದನ್ನೆಲ್ಲ ಮಾರನೆಯ ದಿನ ಬಿಚ್ಚಿದಳು. ಆಮೇಲೆ ಹೇಳಿದಳು: "ಜನ ಕೇಳಲಿ, ಬಿಡಕ್ಕೆ ಹೇಳು. ಆ ಮನುಷ್ಯ ಮಾತ್ರ ನಮ್ಮ ಬಾಗಿಲಿಗೆ ಬರೋದು ಬೇಡ." ಈಗ ಬೆಳಿಗ್ಗೆ ಬಾಗಿಲಲ್ಲಿ ಏನೂ ಹೇಳುವುದಿಲ್ಲ. ಸುಮ್ಮನೆ ನಿಂತಿರುತ್ತಾಳೆ. ಅದು ಇನ್ನೂ ಕಷ್ಟ.

ಕಂತು ಹೊರಗೆ ಬಂದ ಮೇಲೆ ನಮ್ಮ ಗುಂಪಿನಲ್ಲಿ ಮೂರನೆಯ ಮಾತು ಬರದೆ ಯಾರೂ ಸ್ವಿಚ್ಚು ಮುಟ್ಟುವುದಿಲ್ಲ. ಇದನ್ನು ನಿಮಗೆ ಹೇಳಬೇಕು ಅನ್ನಿಸಿತು. ಕ್ಷಮಿಸಿದ್ದೇನೆ ಎಂದು ಹೇಳುತ್ತಿಲ್ಲ.

ಒಂದು ಪ್ರಶ್ನೆ ಇದೆ. ತನಿಖೆಯ ಕಾಗದದಲ್ಲೂ ಅದಿಲ್ಲ, ನೀವೂ ಹೇಳಿಲ್ಲ. ಅಪ್ಪ ಬಗ್ಗಿದ್ದು ಏನನ್ನು ಎತ್ತಲು? ಏನು ಬಿದ್ದಿತ್ತು? ಅಮ್ಮನನ್ನು ಕೇಳಿದೆ. ನಿನಗ್ಯಾಕೆ ಅದು ಅಂದಳು, ಎದ್ದು ಒಳಗೆ ಹೋದಳು. ನನಗೆ ಆಗ ನಾಲ್ಕು ವರ್ಷ, ಅಪ್ಪನ ವಿಷಯ ಒಂದೂ ನೆನಪಿಲ್ಲ. ಅವರ ಕೊನೆಯ ಕೆಲಸ ಏನಾಗಿತ್ತು ಅನ್ನುವುದಾದರೂ ಗೊತ್ತಿರಬೇಕು ಅನ್ನಿಸುತ್ತದೆ. ಬರೆಯುತ್ತೀರಾ?

ಇಂತಿ,
ಪಟ್ಟಿಯ ಒಂಬತ್ತನೆಯವನು

*

ಆಗಸ್ಟ್ ೨೦

ಮಗಳೇ,

ಅವನ ಕಾಗದ ಬಂತು. ಹದಿನೈದು ದಿನ ಮೇಜಿನ ಮೇಲೇ ಇತ್ತು. ನಿನ್ನೆ ಉತ್ತರ ಹಾಕಿದೆ. ಆ ಕೆಮ್ಮು ನಿನಗೆ ಸಿಕ್ಕಿತ್ತು, ಆದ್ದರಿಂದ ನಿನಗೆ ಒಬ್ಬಳಿಗೆ ಹೇಳುತ್ತೇನೆ.

ಅವತ್ತು ಉದ್ದ ಅರ್ಧ ಗಂಟೆ ತಡವಾಗಿ ಬಂದ. ಕಾಲಲ್ಲಿ ಮನೆಯಲ್ಲಿ ಹಾಕುವ ಸಡಿಲ ಚಪ್ಪಲಿ. ನಾನು ಉರಿದುಬಿದ್ದೆ.

"ಬೂಟೆಲ್ಲೋ?"

"ಚಿಕ್ಕೋನು ಬಚ್ಚಿಟ್ಟುಬಿಟ್ಟಿದಾನೆ. ಒಂದು ಸಿಕ್ತು, ಇನ್ನೊಂದು ಎಲ್ಲಿ ತುರುಕಿದಾನೋ! ಅಪ್ಪ ಇವತ್ತು ಹೋಗ್ಬಾರ್ದಂತೆ. ಕೇಳಿದ್ರೆ ಬಾಯಿ ಹೊಲಿದ ಹಾಗೆ ಕೂತ್ಕೊಂಡ."

"ಗ್ರೀಸ್ ಮೇಲೆ ಇದನ್ನ ಹಾಕ್ಕೊಂಡು ಹತ್ತುತೀಯಾ?"

"ಹತ್ತಿದ್ರಾಯ್ತು ಬಿಡಪ್ಪ. ನಿನ್ನ ಬಾಯಿಗಿಂತ ಗ್ರೀಸ್ ವಾಸಿ."

ನಗುತ್ತಲೇ ಹತ್ತಿದ. ಮಗನ ಕಿತಾಪತಿಗೆ ಹೆಮ್ಮೆ ಇತ್ತು ಅವನ ಮುಖದಲ್ಲಿ. ನಾನು ಅವನನ್ನು ತಡೆಯಬೇಕಿತ್ತು. ಹಿರಿಯ ನಾನು. ತಡೆಯಲಿಲ್ಲ, ಬೈದೆ ಅಷ್ಟೇ. ಅವನು ಬಗ್ಗಿದ್ದು ಚಪ್ಪಲಿಗೆ. ಕಾಲಿಂದ ಕಳಚಿ ಬಾವಿಗೋಡೆಯ ಕಬ್ಬಿಣದ ತೊಲೆಯ ಮೇಲೆ ಬಿದ್ದಿತ್ತು. ಆಮೇಲೆ ನಾನೇ ಅದನ್ನು ತೆಗೆದೆ. ಎರಡೂ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿ ಅವನ ಹೆಂಡತಿಯ ಕೈಗೆ ಕೊಟ್ಟೆ. ಅವಳು ಬಿಚ್ಚಿ ನೋಡಿದಳು. ಗ್ರೀಸ್ ಇಲ್ಲದ ಒಂದು, ಗ್ರೀಸ್ ಮೆತ್ತಿದ ಒಂದು. ಆಮೇಲೆ ತನ್ನ ಕಾಲು ತಬ್ಬಿ ನಿಂತಿದ್ದ ಚಿಕ್ಕವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಪೇಪರು ಮತ್ತೆ ಸುತ್ತಿದಳು.

ಇಪ್ಪತ್ತಾರು ವರ್ಷ ಅವಳು ಉದ್ದನನ್ನೇ ಬೈದದ್ದು ಸಿಟ್ಟಿಗೆ ಎಂದು ತಿಳಿದಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ. ಅಪ್ಪ ಸತ್ತದ್ದಕ್ಕೆ ಚಿಕ್ಕವನಿಗೊಂದು ಕಾರಣ ಬೇಕಿತ್ತು, ಅವಳು ಕೊಟ್ಟಳು. ಆ ಕಾರಣವನ್ನು ನಾನು ಕಿತ್ತುಕೊಂಡೆ. ಸತ್ಯ ಹೇಳಿದೆ ಎಂದು ಬೀಗುತ್ತ ಕಿತ್ತುಕೊಂಡೆ. ಈಗ ಅವನು ಆ ಖಾಲಿ ಜಾಗದಲ್ಲಿ ಕೈಯಾಡಿಸುತ್ತಿದ್ದಾನೆ.

ನಾಲ್ಕು ವರ್ಷದ ಮಗು ಬೂಟು ಬಚ್ಚಿಟ್ಟದ್ದಕ್ಕೆ ಯಾರೂ ಸಾಯುವುದಿಲ್ಲ. ಉದ್ದ ಸತ್ತದ್ದು ನನ್ನ ಕೈಯಿಂದ. ಆದರೆ ಇದನ್ನು ಅವನಿಗೆ ಬರೆದರೆ ನನ್ನ ಕೈಯನ್ನು ಮರೆಯುತ್ತಾನೆ, ಬೂಟನ್ನು ಮರೆಯುವುದಿಲ್ಲ.

ನಾನು ಬರೆದದ್ದು ಇಷ್ಟು: ಸ್ಪ್ಯಾನರ್ ಬಿದ್ದಿತ್ತು, ಹದಿನಾಲ್ಕನೇ ನಂಬರಿನದು, ನಿಮ್ಮಪ್ಪ ಸಾಮಾನು ಬಿಟ್ಟುಬರುವವನಲ್ಲ. ನಂಬರು ಹಾಕಿದರೆ ಕೆಲಸಗಾರ ನಂಬುತ್ತಾನೆ. ಇದು ನನ್ನ ಎರಡನೆಯ ಸುಳ್ಳು. ಮೊದಲನೆಯದು ಅಂದು ತನಿಖೆಯವರ ಮುಂದೆ ಆಡಿದ್ದು.

ಐದನೆಯ ಕಂತು ಯಾವಾಗ ಎಂದು ಕಾರ್ಯದರ್ಶಿ ಕೇಳುತ್ತಿದ್ದಾನೆ. ಬಾಗಿಲಿನ ಬೀಗಗಳ ಬಗ್ಗೆ ಮಾತಾಡುತ್ತೇನೆ ಅಂದಿದ್ದೇನೆ.

ಈ ಕಾಗದವನ್ನು ಸುಟ್ಟುಹಾಕು. ಅವನ ಹತ್ತಿರ ನಿನ್ನ ವಿಳಾಸವಿದೆ. ನನ್ನ ಕಾಗದ ಓದಿ ಸಮಾಧಾನವಾಗದೆ ಅವನು ನಿನ್ನನ್ನೂ ಕೇಳುತ್ತಾನೆ, ಕೇಳಿಯೇ ಕೇಳುತ್ತಾನೆ. ತಡಬಡಾಯಿಸಬೇಡ, ಹತ್ತು ಸೆಕೆಂಡು ಸುಮ್ಮನಿರಬೇಡ. ಹದಿನಾಲ್ಕು ಅನ್ನು.

ನಿನ್ನಪ್ಪ